ಅಂಗಳಕ್ಕೊಂದು ಮುರುಗಲು

ಕೇಳುಗರಿಗೆ ನಮಸ್ಕಾರ.

ಹೊಸ ಮನೆಯ ಗೃಹಪ್ರವೇಶ ಮುಗಿದ ಕೂಡಲೇ ಅಂಗಳಕ್ಕೊಂದು ಚೆಂದದ ಮರ ಬೇಕೆನಿಸುತ್ತದೆ. ನರ್ಸರಿಗೆ ಹೋದವರು ಕ್ರಿಸ್‌ಮಸ್ ಗಿಡವನ್ನೋ ಹೆಸರು ಗೊತ್ತಿಲ್ಲದ ತಾಳೆಯನ್ನೋ ತರುತ್ತಾರೆ. ನನ್ನನ್ನು ಕೇಳಿದರೆ, ನಮ್ಮ ಕಾಡಿನ ಮುರುಗಲು, ಅಂದರೆ ಪುನರ್ಪುಳಿ ಅಥವಾ ಕೋಕಂ, ಇರುವಾಗ ಅವು ಯಾವುವೂ ಬೇಡ. ಯಾರೂ ಕತ್ತರಿ ಆಡಿಸದಿದ್ದರೂ ಅದು ಗೋಪುರದಂತೆ ಏರುತ್ತದೆ, ಕೊಂಬೆಯ ತುದಿಗಳು ಇಳಿಬೀಳುತ್ತವೆ. ಎಲೆ ವರ್ಷವಿಡೀ ಹಸಿರು, ಚಿಗುರು ಕೆಂಪು. ಏಪ್ರಿಲ್, ಮೇ ಬಂತೆಂದರೆ ಕಡುಗೆಂಪು ಹಣ್ಣು.

ಈ ಮರಕ್ಕೆ ಉಪಚಾರ ಕಡಿಮೆ. ಜಂಬಿಟ್ಟಿಗೆ ನೆಲವಾದರೂ ಸರಿ, ಆಗುಂಬೆಯ ಕಡೆಯ ಜಡಿಮಳೆಯಾದರೂ ಸರಿ. ಬುಡದಲ್ಲಿ ನೀರು ನಿಲ್ಲಬಾರದು, ಅಷ್ಟೇ. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಗೆ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ, ಜೂನ್‌ನಲ್ಲಿ ಮಣ್ಣು ನೆನೆದ ಮೇಲೆ ನೆಡಿ. ಬುಡವನ್ನು ಸ್ವಲ್ಪ ಏರಿಸಿ ಕಟ್ಟಿ. ಮೊದಲ ಬೇಸಿಗೆಗಳಲ್ಲಿ ನೀರು ಕೊಟ್ಟು, ಬುಡಕ್ಕೆ ಒಣಗಿದ ಎಲೆಯ ದರಗು ಮುಚ್ಚಿದರೆ ಸಾಕು. ಗೋಡೆಯಿಂದ ಹತ್ತು ಹನ್ನೆರಡು ಅಡಿಯಾದರೂ ದೂರವಿರಲಿ.

ತೊಡಕಿರುವುದು ಗಿಡವನ್ನು ಆರಿಸುವುದರಲ್ಲಿ. ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎದ್ದ ಗಿಡ ಹೂ ಬಿಡುವವರೆಗೆ ಯಾವುದೆಂದು ತಿಳಿಯುವುದಿಲ್ಲ. ಅದಕ್ಕೆ ಏಳೆಂಟು ವರ್ಷ ಹಿಡಿಯುತ್ತದೆ. ಸುಮಾರು ಅರ್ಧದಷ್ಟು ಗಂಡೇ ಆಗಿಬಿಡುತ್ತವೆ. ಹೂವನ್ನು ಕೈಯಲ್ಲಿ ಹಿಡಿದು ನೋಡಿ: ಗಂಡಿನದು ಗೊಂಚಲು, ನಡುವೆ ಕೇಸರಗಳ ಮುದ್ದೆ, ಹೆಣ್ಣು ಹೂವಿನ ನಡುವೆ ಪುಟ್ಟ ಕಾಯಿಯೇ ಕುಳಿತಿರುತ್ತದೆ. ಗಂಡೆಂದು ಗೊತ್ತಾದ ಮರವನ್ನು ಕಡಿಯಬೇಕಾಗಿಲ್ಲ, ಹೆಣ್ಣು ಮರದ ಕಡ್ಡಿಯನ್ನು ಅದಕ್ಕೇ ಕಸಿ ಮಾಡಬಹುದು.

ಹೊಸದಾಗಿ ನೆಡುವವರು ಕಸಿ ಗಿಡವನ್ನೇ ತನ್ನಿ. ನಾಲ್ಕೈದು ವರ್ಷಕ್ಕೆ ಫಲ ಶುರು. ಆದರೆ ಕಡ್ಡಿಯನ್ನು ಎಲ್ಲಿಂದ ತೆಗೆದದ್ದು ಎಂದು ಕೇಳದೆ ದುಡ್ಡು ಕೊಡಬೇಡಿ. ನೆಟ್ಟಗೆ ಮೇಲೇಳುವ ಚಿಗುರಿನಿಂದ ತೆಗೆದಿದ್ದರೆ ಗಿಡವೂ ನೆಟ್ಟಗೆ ಏಳುತ್ತದೆ. ಅಡ್ಡ ಕೊಂಬೆಯ ಕಡ್ಡಿಯಾದರೆ ಹಣ್ಣು ಬಂದೀತು, ಗಿಡ ಮಾತ್ರ ಪೊದೆಯಾಗಿ ನೆಲಕ್ಕೆ ಹರಡುತ್ತದೆ. ಅಂಗಳದ ಅಂದಕ್ಕೆಂದು ನೆಡುವವರಿಗೆ ಇದಕ್ಕಿಂತ ದೊಡ್ಡ ನಿರಾಸೆ ಇಲ್ಲ. ಕಸಿಯ ಗಂಟಿನ ಕೆಳಗೆ ಏಳುವ ಚಿಗುರನ್ನು ಆಗಾಗ ಚಿವುಟುತ್ತಿರಿ, ಗಂಟಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಲು ಮರೆಯಬೇಡಿ.

ಹಣ್ಣಿನ ಉಪಯೋಗವನ್ನು ಮಲೆನಾಡಿನ ಅಡುಗೆಮನೆಗೆ ನಾನು ಹೇಳಬೇಕೇ? ಸಿಪ್ಪೆ ಸಾರಿಗೆ, ಶರಬತ್ತಿಗೆ. ಬೀಜದ ತುಪ್ಪ ಒಡೆದ ಹಿಮ್ಮಡಿಗೆ. ಒಂದೇ ಕಷ್ಟ, ತಡವಾಗಿ ಹಣ್ಣಾಗುವ ಮರವಾದರೆ ಸಿಪ್ಪೆ ಒಣಗುವ ಮೊದಲೇ ಮಳೆ ಹಿಡಿಯುತ್ತದೆ. ಆದ್ದರಿಂದ ಬೇಗ ಹಣ್ಣಾಗುವ ಮರದ ಕಸಿಯನ್ನೇ ಕೇಳಿ. ಮಹಾರಾಷ್ಟ್ರದ ದಾಪೋಲಿಯ ಕೃಷಿ ವಿಶ್ವವಿದ್ಯಾಲಯದ ಕೊಂಕಣ ಅಮೃತಾ ಅಂಥದೊಂದು ತಳಿ. ಅದು ಸಿಗದಿದ್ದರೆ, ನಿಮ್ಮೂರಿನಲ್ಲೇ ಮೇ ಮುಗಿಯುವುದರೊಳಗೆ ಕೊಯ್ಲಾಗುವ ಮರ ಯಾರ ಹಿತ್ತಲಿನಲ್ಲಿದೆ ಎಂದು ವಿಚಾರಿಸಿ, ಕಡ್ಡಿ ಬೇಡಿ ತನ್ನಿ.

ನಮಸ್ಕಾರ.