ಟೋಲ್ಕಿನ್ ಮನೆಗೆ ಕಾಗದ ಬರೀತಿದ್ದ ಹಿಮಕರಡಿ

"ಹಾಬಿಟ್ ಮುಗಿಸ್ದೆ, ಲಾರ್ಡ್ ಆಫ್ ದಿ ರಿಂಗ್ಸ್ ಮುಗಿಸ್ದೆ, ಸಿಲ್ಮರಿಲಿಯನ್ 20ನೇ ಪುಟಕ್ಕೆ ನನ್ನನ್ನೇ ಮುಗಿಸ್ತು. ಇನ್ನೇನು ಓದ್ಲಿ ಸಾರ್?" ಅಂತ ನಿಮ್ಮಲ್ಲೊಬ್ಬರು ಕೇಳಿದ್ರು.

ನಮಸ್ಕಾರ. ಈ ಪುಸ್ತಕಗಳನ್ನ ಬರೆದ ಟೋಲ್ಕಿನ್ ಅಂದ್ರೆ ಆಕ್ಸ್‌ಫರ್ಡ್ ಮೇಷ್ಟ್ರು, ಹೊಸ ಭಾಷೆ ಕಟ್ಟೋ ಹುಚ್ಚು. ಅದೆಲ್ಲ ಗೊತ್ತಿರೋದೇ, ಮುಂದಕ್ಕೆ ಹೋಗೋಣ.

[ಪರದೆ: ನಡುಗುವ ಅಕ್ಷರದ ಲಕೋಟೆ]

1920. ಹಿರಿಮಗ ಜಾನ್‌ಗೆ 3 ವರ್ಷ. ಅವನ ಹೆಸರಿಗೆ ಒಂದು ಕಾಗದ ಬರುತ್ತೆ, ಉತ್ತರ ಧ್ರುವದಿಂದ, ಕ್ರಿಸ್‌ಮಸ್ ತಾತ ಬರೆದದ್ದು. ನಿಜಕ್ಕೂ ಬರೆದೋನು ಅಪ್ಪ ಟೋಲ್ಕಿನ್. ಅಕ್ಷರ ಯಾಕೆ ನಡುಗುತ್ತೆ? ತಾತನಿಗೆ 1,900 ದಾಟಿದ ವಯಸ್ಸು, ಮೇಲಿಂದ ಆ ಚಳಿ! ಮುಂದಿನ ಕಾಗದಗಳಿಗೆ ಉತ್ತರ ಧ್ರುವದ ಅಂಚೆಚೀಟಿನೂ ಅಪ್ಪನೇ ಬಿಡಿಸಿದ. ಕೊನೇ ಕಾಗದ 1943ರಲ್ಲಿ, ಕಿರಿಮಗಳು ಪ್ರಿಸಿಲ್ಲಾಗೆ.

ನನ್ನ ಹೀರೋ ಮಾತ್ರ ತಾತ ಅಲ್ಲ, ಅವನ ಸಹಾಯಕ ಹಿಮಕರಡಿ. 1925ರಲ್ಲಿ ತಾತನ ಟೋಪಿ ಹಾರಿ ಧ್ರುವದ ತುದಿಗೆ ಸಿಕ್ಕಿಕೊಳ್ಳುತ್ತೆ. ಧ್ರುವ ಅಂದ್ರೆ ಇಲ್ಲಿ ನಿಜವಾದ ಕಂಬ, ನೆನಪಿರಲಿ. ಬೇಡ ಅಂದ್ರೂ ಕರಡಿ ಹತ್ತುತ್ತೆ. ಕಂಬ ಲಟಕ್! ಮುರಿದು ತಾತನ ಸೂರಿನ ಮೇಲೆ ಬೀಳುತ್ತೆ, ಕರಡಿ ಆ ತೂತಿಂದ ನೇರ ಊಟದ ಕೋಣೆಗೆ. ಮರುವರ್ಷ ಯಾವುದೋ ನಲ್ಲಿ ತಿರುಗಿಸಿ, 2 ವರ್ಷಕ್ಕಾಗೋಷ್ಟು ಧ್ರುವಪ್ರಭೆನ ಒಂದೇ ಸಲ ಸಿಡಿಸಿಬಿಡುತ್ತೆ. ಚಂದ್ರ ನಾಲ್ಕು ಚೂರು! ಚಂದ್ರನೊಳಗಿನ ಮನುಷ್ಯ ತಾತನ ಹಿತ್ತಲಿಗೆ ಬಿದ್ದು, ತಾತನ ಕ್ರಿಸ್‌ಮಸ್ ಚಾಕೊಲೇಟ್ ತಿಂತಾ ಕೂತ. ನಮ್ಮ ಮನೇಲೂ ಹೀಗೆ ಬಂದು ಕೂರೋ ನೆಂಟರಿದ್ದಾರೆ, ಹೆಸರು ಹೇಳಲ್ಲ.

ಅಕ್ಕಸಾಲಿಗರ ಅಂಗಡಿ ಮುಂದಿನ ಮಣ್ಣು ಗುಡಿಸಿ, ನೀರಲ್ಲಿ ಜಾಲಿಸಿ ಚಿನ್ನದ ಪುಡಿ ತೆಗೆಯೋರನ್ನ ನೋಡಿದ್ದೀರಾ? ಈ ಕಾಗದಗಳನ್ನ ಹಾಗೆ ಜಾಲಿಸಿ. 1932ರಲ್ಲೇ ಗುಹೆ ತುಂಬ ಗಾಬ್ಲಿನ್‌ಗಳು, ಅಂದ್ರೆ ಕಥೆಗಳಲ್ಲಿ ಬರೋ ದುಷ್ಟ ಗುಹೆವಾಸಿಗಳು, ಸಿಗ್ತಾರೆ; ಇದೇ ಗಾಬ್ಲಿನ್‌ಗಳು ಬರೋ ಹಾಬಿಟ್ ಅಚ್ಚಾಗಿದ್ದು 1937ಕ್ಕೆ. ಗುಹೆ ಗೋಡೆಯ ಚಿತ್ರ ನೋಡ್ಕೊಂಡು ಕರಡಿ ಒಂದು ಲಿಪಿನೇ ಮಾಡುತ್ತೆ. ತಾತನ ಕಾರ್ಯದರ್ಶಿ ಒಬ್ಬ ಎಲ್ಫ್, ಅಂದ್ರೆ ನಮ್ಮ ಯಕ್ಷರಂಥೋನು, ಹೆಸರು ಇಲ್ಬೆರೆತ್. ಲಾರ್ಡ್ ಆಫ್ ದಿ ರಿಂಗ್ಸ್‌ನಲ್ಲಿ ಎಲ್ಫ್‌ಗಳು ಹಾಡಿ ಕರೆಯೋ ದೇವತೆ ಎಲ್ಬೆರೆತ್ ನೆನಪಾಯ್ತಾ? ಒಂದೇ ಅಕ್ಷರದ ವ್ಯತ್ಯಾಸ!

ಟೋಲ್ಕಿನ್ ತೀರಿಕೊಂಡು 3 ವರ್ಷಕ್ಕೆ, 1976ರಲ್ಲಿ, ಸೊಸೆ ಬೇಲಿ ಟೋಲ್ಕಿನ್ ಈ ಕಾಗದಗಳನ್ನ ಪುಸ್ತಕ ಮಾಡಿದ್ರು.

ಅಯ್ಯೋ, ಟೈಮ್ ಆಯ್ತು! ಉಳಿದವು ಒಂದೇ ಉಸಿರಲ್ಲಿ: ಸಮುದ್ರದಂಡೇಲಿ ಮಗ ಮೈಕೆಲ್ ಕಳ್ಕೊಂಡ ಆಟದ ನಾಯಿಯಿಂದ ಹುಟ್ಟಿದ್ದು 'ರೋವರಾಂಡಮ್'. ಡ್ರ್ಯಾಗನ್ ಜೊತೆ ಚೌಕಾಸಿಗಿಳಿಯೋ ರೈತನ ಕಥೆ 'ಫಾರ್ಮರ್ ಗೈಲ್ಸ್ ಆಫ್ ಹ್ಯಾಮ್', 1949, ನಗೋಕೆ ಓದಿ. 'ಲೀಫ್ ಬೈ ನಿಗಲ್'ನಲ್ಲಿ ಒಬ್ಬ ಚಿತ್ರಕಾರ ಒಂದು ಮರ ಬಿಡಿಸ್ತಾನೆ, ಬಿಡಿಸ್ತಾನೆ, ಮುಗಿಯಲ್ಲ. ಎಡಿಟಿಂಗ್ ಬಾಕಿ ಇಟ್ಕೊಂಡು ಓದಬೇಡಿ, ಅನುಭವದ ಮಾತು.

ಸಿಲ್ಮರಿಲಿಯನ್ 21ನೇ ಪುಟನಾ? ನಾನೂ ಅಲ್ಲೇ ಇದ್ದೀನಿ ಸಾರ್.