ಕೋಶ ಹಿಡೀತಾವು, ಬಿಡ್ತಾವು

ಕೇಳುಗರೆಲ್ಲಾರಿಗೂ ನಮಸ್ಕಾರ್ರಿ. ಗದಗ, ನವಲಗುಂದ ಕಡೆ ಎರಿ ಹೊಲದಾಗ ಮಳಿ ಆದ ಮ್ಯಾಲ ನಾಕು ಹೆಜ್ಜಿ ನಡದು ನೋಡ್ರಿ, ಮಣ್ಣು ಚಪ್ಪಲಿ ಅನ್ನೂದಿಲ್ಲ, ಬರಿಗಾಲು ಅನ್ನೂದಿಲ್ಲ, ಸಿಕ್ಕದ್ದಕ್ಕೆಲ್ಲಾ ಮೆತ್ತಿಕೊಂತೈತಿ. ನಮ್ಮ ಮೈಯಾಗಿನ ಜೀವಕೋಶ ಹಂಗಲ್ಲರಿ. ಅವು ಯಾರನ್ನ ಹಿಡೀಬೇಕು, ಯಾವಾಗ ಬಿಡಬೇಕು ಅನ್ನೂದನ್ನ ನೋಡಿ ಹಿಡೀತಾವು, ಇವತ್ತು ಅದನ್ನ ಮಾತಾಡೂಣು.

1907ರಾಗ ಅಮೆರಿಕಾದ ವಿಲ್ಸನ್ ಅನ್ನೂ ವಿಜ್ಞಾನಿ ಸಮುದ್ರದ ಸ್ಪಂಜು ಪ್ರಾಣಿನ ಸಣ್ಣ ಕಣ್ಣಿನ ಅರಿವ್ಯಾಗ ಹಾಕಿ ಹಿಂಡಿದ, ಕೋಶ ಎಲ್ಲಾ ಬಿಡಿಬಿಡಿ ಆದವು, ಸತ್ತವು ಅಂದ್ರೇನು, ಇಲ್ಲ, ಅವೇ ಒಂದಕ್ಕೊಂದು ಕೂಡಿ ಮತ್ತ ಸ್ಪಂಜ್ ಆಗಾಕ ಹತ್ತಿದವು! ಹಿಡ್ಯಾಕ ಏನು ಸಾಧನ ಐತಿ ಅಂತ ಗೊತ್ತಾಗಾಕ ಭಾಳ ವರ್ಷ ಹಿಡೀತು. ಜಪಾನಿನ ಕ್ಯೋಟೋದಾಗ ಟಾಕೇಯಿಚಿ ಅನ್ನವ್ರು ಕೋಶದ ಮೈಮ್ಯಾಲಿನ ಕ್ಯಾಡ್ಹೆರಿನ್ ಅನ್ನೂ ಪ್ರೋಟೀನ್ ಪತ್ತೆ ಹಚ್ಚಿದ್ರು. ಇದಕ್ಕ ಕ್ಯಾಲ್ಸಿಯಂ ಬೇಕ ಬೇಕು, ಸುತ್ತಲಿನ ಕ್ಯಾಲ್ಸಿಯಂ ತಗದ್ರ ಹಿಡಿತ ಸಡಿಲ ಆಗ್ತೈತಿ. ಮತ್ತ ಸಾಮಾನ್ಯವಾಗಿ ತನ್ನಂಥಾ ಕ್ಯಾಡ್ಹೆರಿನ್ ಇರೂ ಕೋಶನ ಹಿಡೀತೈತಿ.

ಬಾಜೂಕಿನ ಕೋಶನ ಹಿಡಿದ್ರ ಸಾಲೂದಿಲ್ಲ, ಕೆಳಗಿನ ನೆಲಾನೂ ಹಿಡೀಬೇಕಲ್ಲ. ಕೋಶದ ಸುತ್ತ ಕೊಲಾಜೆನ್, ಫೈಬ್ರೋನೆಕ್ಟಿನ್ ಅಂತ ಪ್ರೋಟೀನಿನ ಜಾಲ ಇರ್ತೈತಿ, ಅದನ್ನ ಹಿಡಿಯೂದು ಕೋಶದ ಮೈಮ್ಯಾಲಿನ ಇಂಟೆಗ್ರಿನ್ ಅನ್ನೂ ಪ್ರೋಟೀನ್. ಇದು ಹೊರಗ ಜಾಲ ಹಿಡಕೊಂಡು ಒಳಗ ಕೋಶದ ಎಳೆಗಳಿಗೆ ಜೋಡಸಿರ್ತೈತಿ, ಹಿಂಗಾಗಿ ಕೆಳಗಿನ ಜಾಗಾ ಮೆತ್ತಗೈತೋ ಗಟ್ಟಿ ಐತೋ ಅನ್ನೂದೂ ಕೋಶಕ್ಕ ತಿಳೀತೈತಿ. ಇಂಟೆಗ್ರಿನ್ ಪತ್ತೆ ಹಚ್ಚಿದ ಕೆಲಸಕ್ಕ ಹೈನ್ಸ್, ರುವೊಸ್ಲಾಹ್ತಿ, ಸ್ಪ್ರಿಂಗರ್ ಅನ್ನೂ ಮೂವರು ವಿಜ್ಞಾನಿಗಳಿಗೆ 2022ರಾಗ ವೈದ್ಯಕೀಯ ಸಂಶೋಧನೆಗೆ ಕೊಡೂ ಲಾಸ್ಕರ್ ಪ್ರಶಸ್ತಿ ಬಂತು.

ನನಗ ಎಲ್ಲಾಕ್ಕಿಂತ ಚಂದ ಅನ್ಸೂದು ಬಿಳಿ ರಕ್ತಕಣದ್ದು. ಕಾಲಿಗೆ ಮುಳ್ಳು ಚುಚ್ಚಿತು ಅನ್ರಿ, ಅಲ್ಲಿ ರಕ್ತನಾಳದ ಗ್ವಾಡಿ ಮ್ಯಾಲ ಸೆಲೆಕ್ಟಿನ್ ಅನ್ನೂ ಪ್ರೋಟೀನ್ ಬರ್ತೈತಿ, ಜೋರಾಗಿ ಹೊಂಟ ಕಣಾನ ಅದು ಹಿಡೀತೈತಿ ಬಿಡ್ತೈತಿ, ಮತ್ತ ಹಿಡೀತೈತಿ, ಹಿಂಗಾಗಿ ಕಣ ಉಳ್ಳಿಕೋಂತ ನಿಧಾನ ಆಗ್ತೈತಿ, ಆಮ್ಯಾಲ ಕಣದ ಮೈಮ್ಯಾಲಿನ ಇಂಟೆಗ್ರಿನ್ ಗ್ವಾಡಿನ ಗಟ್ಟಿ ಹಿಡದು ನಿಲ್ಲಸ್ತೈತಿ, ಆಗ ಕಣ ಗ್ವಾಡಿ ಸಂದ್ಯಾಗ ನುಸುಳಿ ಗಾಯದ ಕಡೆ ಹೊಕ್ಕೈತಿ. ಭಾಳ ಅಪರೂಪಕ್ಕ ಕೆಲವು ಕೂಸುಗಳಿಗೆ ಹುಟ್ಟತಾ ಈ ಇಂಟೆಗ್ರಿನ್ ಸರಿ ಇರೂದಿಲ್ಲ. ರಕ್ತ ಟೆಸ್ಟ್ ಮಾಡ್ಸಿದ್ರ ಬಿಳಿ ಕಣ ಸಿಕ್ಕಾಪಟ್ಟೆ ಇರ್ತಾವು, ಆದ್ರ ಹೊರಗ ಬರಾಕ ಬರೂದಿಲ್ಲ, ಗಾಯ ಆದ್ರೂ ಕೀವು ಆಗೂದಿಲ್ಲ. ಹೊಕ್ಕಳಬಳ್ಳಿ ಸಾಮಾನ್ಯವಾಗಿ ವಾರ ಎರಡ್ವಾರದಾಗ ಉದರ್ತೈತಿ, ಇವಕ್ಕ ಭಾಳ ತಡಾ ಆಗ್ತೈತಿ. ತಡಾ ಆದ ಕೂಡ್ಲೇ ಇದ ರೋಗ ಅಂತ ಬಾಣಂತಿನ ಹೆದರಸಬ್ಯಾಡ್ರಿ ಮತ್ತ, ಪದೇ ಪದೇ ಸೋಂಕೂ ಆಗಾಕತ್ತಿದ್ರ ಡಾಕ್ಟರಿಗೆ ತೋರಸ್ರಿ. ತಂದಿ ತಾಯಿ ಇಬ್ಬರ ಕಡಿಂದನೂ ಕೆಟ್ಟ ಜೀನ್ ಬಂದ್ರ ಮಾತ್ರ ಇದು ಬರೂದು, ನಮ್ಮ ಕಡೆ ಸೋದರಮಾವಗ ಕೊಡೂ ರೂಢಿ ಐತೆಲ್ಲ, ಒಂದ ರಕ್ತಸಂಬಂಧದಾಗ ಇಬ್ಬರ ಕಡೆನೂ ಅದ ಜೀನ್ ಇರೂ ಸಾಧ್ಯತೆ ಹೆಚ್ಚು, ಅದಕ್ಕ ಹೇಳಿದೆ.

ಇನ್ನ ಪೆಂಫಿಗಸ್ ಅಂತ ಒಂದು ರೋಗ ಐತಿ. ಚರ್ಮದ ಕೋಶಗಳನ್ನ ಹಿಡದಿಡೂ ಡೆಸ್ಮೋಗ್ಲೀನ್ ಅನ್ನೂ ಪ್ರೋಟೀನ್ ಮ್ಯಾಲ ನಮ್ಮ ರೋಗನಿರೋಧಕ ಶಕ್ತಿನ ಏರಿ ಹೋಗ್ತೈತಿ, ಬಾಯಾಗ ಹುಣ್ಣು, ಮೈಮ್ಯಾಲ ಗುಳ್ಳಿ. ಜನ ಗುಳ್ಳಿ ಎದ್ದ ಕೂಡ್ಲೇ ಸರ್ಪಸುತ್ತು ಅಂದಬಿಡ್ತಾರು. ಇದು ಅಂಟುರೋಗ ಅಲ್ಲ, ಔಷಧ ಅದಾವು, ಚರ್ಮದ ಡಾಕ್ಟರ್ ಕಡೆ ಹೋಗ್ರಿ.

ಕಡೀಗೆ ಕ್ಯಾನ್ಸರ್. ನೆಲ ಹಿಡಕೊಂಡು ಇರೂ ಸಾಮಾನ್ಯ ಕೋಶ ಆ ಹಿಡಿತ ಬಿಟ್ರ ತಾನ ಸಾಯ್ತೈತಿ, ಕ್ಯಾನ್ಸರ್ ಕೋಶ ಅದನ್ನ ತಪ್ಪಿಸಿಕೊಂಡು ಬ್ಯಾರೆ ಕಡೆ ಹೋಗಿ ಬೇರು ಬಿಡ್ತೈತಿ. ಭಾಳ ಕ್ಯಾನ್ಸರಿನಾಗ ಕ್ಯಾಡ್ಹೆರಿನ್ ಕಡಿಮಿ ಆಗಿರ್ತೈತಿ, ಖರೆ, ಹಂಗಂತ ಅದನ್ನ ಗಟ್ಟಿ ಮಾಡಿಬಿಟ್ರ ಮುಗೀತು ಅನ್ನಾಕ ಬರೂದಿಲ್ಲ, ಯಾಕಂದ್ರ ಕೆಲವು ಕ್ಯಾನ್ಸರ್ ಕೋಶ ಒಂದನ್ನೊಂದು ಬಿಡದನ ಗುಂಪು ಗುಂಪಾಗಿ ಹೊಂಡ್ತಾವು. ನಮಸ್ಕಾರ್ರಿ.