ಒಳ್ಳೆ ಹಾಳೆಗೆ ಮೊದಲು ರಫ್ ಹಾಳೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕೋಲಾರ ಜಿಲ್ಲೆಯ ಯಾವ ಶಾಲೆಗಾದರೂ ಹೋಗಿ, ಮಕ್ಕಳ ಕೈಗೆ ಡ್ರಾಯಿಂಗ್ ಹಾಳೆ ಕೊಟ್ಟು ‘ನಿಮ್ಮೂರಿನ ಚಿತ್ರ ಬರೀರಿ’ ಅನ್ನಿ. ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಕೆಳಗೆ ತುಂಬಿ ಹರಿಯುವ ನದಿ, ದಡದಲ್ಲೊಂದು ಗುಡಿಸಲು. ವರ್ಷವಿಡೀ ಹರಿಯುವ ನದಿ ನಮ್ಮ ಜಿಲ್ಲೆಯಲ್ಲಿ ಒಂದೂ ಇಲ್ಲ. ಅಂತರಗಂಗೆ ಬೆಟ್ಟ ತ್ರಿಕೋನವೂ ಅಲ್ಲ, ಬಂಡೆಯ ಮೇಲೆ ಬಂಡೆ. ಆದರೂ ಕೈ ಅದನ್ನೇ ಬರೆಯುತ್ತದೆ. ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಯೋಚಿಸುವುದಕ್ಕೆ ನಾವು ಸಮಯವನ್ನೇ ಕೊಡುವುದಿಲ್ಲ.

ಡ್ರಾಯಿಂಗ್ ಮೇಷ್ಟ್ರಾಗಿ ನಾನು ಗಟ್ಟಿಯಾಗಿ ನಂಬಿರುವುದು ಇಷ್ಟು. ಒಳ್ಳೆ ಹಾಳೆ ಮುಟ್ಟುವ ಮೊದಲು ಮಗುವಿಗೆ ಹತ್ತಾರು ಯೋಚನೆ ಬರಬೇಕು. ಅದರಲ್ಲಿ ಹೆಚ್ಚಿನವನ್ನು ಬಿಟ್ಟುಬಿಡುವ ಧೈರ್ಯವೂ ಬರಬೇಕು.

ಮೊದಲು ಮಾತು. ಇಡೀ ತರಗತಿ ಕೂತು ಬ್ರೇನ್‌ಸ್ಟಾರ್ಮಿಂಗ್ ಮಾಡಬೇಕು, ಅಂದರೆ ತಲೆಗೆ ಹೊಳೆದದ್ದನ್ನೆಲ್ಲ ಎಲ್ಲರೂ ಹೇಳುತ್ತಾ ಹೋಗಬೇಕು. ಈ ಪದ್ಧತಿಯನ್ನು ಬಳಕೆಗೆ ತಂದವರು ಅಮೆರಿಕದ ಜಾಹೀರಾತು ರಂಗದ ಅಲೆಕ್ಸ್ ಆಸ್‌ಬರ್ನ್. ಯೋಚನೆಗಳು ಬರುತ್ತಿರುವಾಗ ಯಾರೂ ಸರಿ ತಪ್ಪು ಹೇಳಬಾರದು, ಎಷ್ಟು ಜಾಸ್ತಿ ಬಂದರೆ ಅಷ್ಟು ಒಳ್ಳೆಯದು ಅಂತ ಅವರು ಹೇಳಿದರು. ಇದು ಮಕ್ಕಳಿಗಿಂತ ಮೇಷ್ಟ್ರುಗಳಿಗೇ ಕಷ್ಟ. ‘ಏನೋ ಅದು?’ ಅಂತ ಒಂದು ಸಲ ಗದರಿದರೆ ಸಾಕು, ಹಿಂದಿನ ಬೆಂಚಿನವರು ಆ ದಿನ ಬಾಯಿ ಬಿಡುವುದಿಲ್ಲ.

ಒಮ್ಮೆ ಬೋರ್ಡಿನ ನಡುವೆ ‘ಟೊಮೆಟೊ ಮಾರುಕಟ್ಟೆ’ ಅಂತ ಬರೆದೆ. ಹಣ್ಣು, ಲಾರಿ, ಬಾಕ್ಸ್ ಅಂದರು. ಸುಮ್ನೆ ಬರೆದುಕೊಂಡೆ. ಅಲ್ಲಿ ಏನು ಕೇಳಿಸುತ್ತೆ, ಏನು ವಾಸನೆ ಬರುತ್ತೆ, ಕಾಲಿಗೆ ಏನು ತಗಲುತ್ತೆ ಅಂತ ಕೇಳಿದೆ. ಆಗ ಬಂತು ನೋಡಿ. ಹರಾಜು ಕೂಗುವವರ ಗಂಟಲು, 15 ಕೆ.ಜಿ. ಬಾಕ್ಸ್ ಹೊತ್ತ ಹಮಾಲಿಯ ಹೆಗಲ ಮೇಲಿನ ಟವೆಲ್, ಜಾರುವ ನೆಲ, ಕೊಳೆತ ಹಣ್ಣಿನ ಹುಳಿ ವಾಸನೆ. ‘ರೇಟು ಬಿದ್ದಾಗ ನಮ್ಮಪ್ಪ ರೋಡ್ ಪಕ್ಕ ಸುರಿದುಬಿಟ್ರು ಸಾರ್’ ಅಂದಳು ಒಬ್ಬ ಹುಡುಗಿ. ಅವಳ ಚಿತ್ರ ಅಲ್ಲಿತ್ತು.

ಆಮೇಲೆ ಪುಟ್ಟ ಸ್ಕೆಚ್‌ಗಳು. ಬೆಂಕಿಪೊಟ್ಟಣದ ಅಳತೆಯ ಚೌಕ, ಪುಟಕ್ಕೆ ಆರು. ರಬ್ಬರ್ ಕೊಡುವುದಿಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಕಣ್ಣು ಮೂಗು ತಿದ್ದುತ್ತಾ ಕೂರಲು ಆಗುವುದಿಲ್ಲ. ಯಾವುದು ದೊಡ್ಡದು, ಯಾವುದು ಚಿಕ್ಕದು, ಎಲ್ಲಿ ಕತ್ತಲು, ಎಲ್ಲಿ ಬೆಳಕು, ಇಷ್ಟನ್ನೇ ತೀರ್ಮಾನಿಸಬೇಕು. ಆ ಹುಡುಗಿ ಮೊದಲ ಚೌಕದಲ್ಲಿ ರಸ್ತೆ, ಮರ, ಟ್ರ್ಯಾಕ್ಟರ್, ಅಪ್ಪ ಎಲ್ಲವನ್ನೂ ಸಾಲಾಗಿ ನಿಲ್ಲಿಸಿದಳು. ಎರಡನೆಯದರಲ್ಲಿ ಮರ ಹೋಯಿತು. ‘ನೆಲದ ಮೇಲೆ ಮಲಗಿ ನೋಡಿದರೆ ಹೇಗೆ ಕಾಣುತ್ತೆ?’ ಅಂದೆ. ಮುಂದಿನದರಲ್ಲಿ ಹಣ್ಣಿನ ರಾಶಿ ಮುಕ್ಕಾಲು ಚೌಕ ತುಂಬಿತು. ಅಪ್ಪ ರಾಶಿಯ ಹಿಂದೆ, ಮೇಲಿನ ಮೂಲೆಯಲ್ಲಿ ಪುಟ್ಟದಾಗಿ ನಿಂತರು. ಅದನ್ನೇ ಚೌಕಳಿ ಗೆರೆ ಹಾಕಿ ದೊಡ್ಡ ಹಾಳೆಗೆ ಏರಿಸಿದಳು.

ಹೆಸರಾಂತ ಚಿತ್ರಕಾರ ಪಿಕಾಸೊ ಅಂಥವರೂ ಹೀಗೇ ಹುಡುಕಿದ್ದಾರೆ. 1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಊರಿನ ಮೇಲೆ ಬಾಂಬು ಬಿತ್ತು. ಅದನ್ನೇ ಕುರಿತ ‘ಗೆರ್ನಿಕಾ’ ಚಿತ್ರಕ್ಕೆ ಮೇ 1ಕ್ಕೆ ಅವರು ಸ್ಕೆಚ್ ಶುರು ಮಾಡಿದರು. ಆ ಒಂದು ಚಿತ್ರಕ್ಕೆ ಸುಮಾರು 45 ಸ್ಕೆಚ್‌ಗಳಾದವು. 25 ಅಡಿಗಿಂತ ಅಗಲದ ಕ್ಯಾನ್ವಾಸ್ ಮೇಲೆ ಬರೆಯತೊಡಗಿದ ಮೇಲೂ, ಬಿದ್ದ ಸೈನಿಕ ಮೇಲೆತ್ತಿದ್ದ ಮುಷ್ಟಿಯನ್ನು ತೆಗೆದುಹಾಕಿದರು. ಫೋಟೊಗ್ರಾಫರ್ ಡೋರಾ ಮಾರ್ ಆಗ ತೆಗೆದ ಫೋಟೊಗಳಲ್ಲಿ ಆ ಕೈ ಇದೆ. ಮೇಷ್ಟ್ರುಗಳೇ, ಆ ಫೋಟೊಗಳನ್ನು ಮಕ್ಕಳಿಗೆ ಮೊಬೈಲಿನಲ್ಲೇ ತೋರಿಸಿ.

ಹಾಳೆ ದಂಡ ಅಂತ ಕೆಲವು ಅಮ್ಮಂದಿರು ಬೇಜಾರು ಮಾಡಿಕೊಳ್ಳುತ್ತಾರೆ. ಅಮ್ಮಾ, ಹಬ್ಬಕ್ಕೆ ದೊಡ್ಡ ರಂಗೋಲಿ ಬಿಡುವ ಮುಂಚೆ ನೀವೂ ಹಳೆ ನೋಟ್‌ಬುಕ್‌ನಲ್ಲಿ ಚುಕ್ಕಿ ಇಟ್ಟು ನೋಡುತ್ತೀರಿ, ಅಲ್ವಾ? ಇದೂ ಹಾಗೆಯೇ. ಹಿಂಬದಿ ಖಾಲಿ ಇರುವ ಯಾವ ಹಾಳೆಯಾದರೂ ನಡೆಯುತ್ತದೆ.

ಪ್ರತಿಭಾ ಕಾರಂಜಿಯಲ್ಲಿ ಸಮಯ ಕಮ್ಮಿ, ನಿಜ. ಅಲ್ಲಿಯೂ ಮೊದಲ ಹತ್ತು ನಿಮಿಷ ಪುಟ್ಟ ಚೌಕಗಳಿಗೆ ಕೊಡಲು ಮಕ್ಕಳಿಗೆ ಹೇಳಿ. ಬಣ್ಣ ಬೇಗ ಮುಗಿಯುತ್ತದೆ, ಯಾಕೆಂದರೆ ಎಲ್ಲಿ ಏನು ಅಂತ ಆಗಲೇ ಗೊತ್ತಿರುತ್ತದೆ. ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ಕೋರಿಕೆ. ಈ ವರ್ಷದ ಶಾಲಾ ಪ್ರದರ್ಶನದಲ್ಲಿ ಚಿತ್ರದ ಪಕ್ಕದಲ್ಲೇ ಅದರ ರಫ್ ಹಾಳೆಗಳನ್ನೂ ಅಂಟಿಸಿ, ಅದಕ್ಕೂ ಅಂಕ ಕೊಡಿ.

ನಮಸ್ಕಾರ.